ಮಂಡಿಯ ಲೆಕ್ಕದಲ್ಲಿ ಕಾಲು, ವೀಸ: ಹಳೆಯ ಭಿನ್ನರಾಶಿ ಗುರುತುಗಳನ್ನು ಗಣಕಕ್ಕೆ ಇಳಿಸಿದ ಒಂದು ಪ್ರಕರಣ

ಹಿನ್ನೆಲೆ

ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ಹಲವು ತಲೆಮಾರು ಧಾನ್ಯದ ಮಂಡಿ ನಡೆಸಿದ ಕುಟುಂಬವೊಂದು ತನ್ನ ಹಳೆಯ ಲೆಕ್ಕದ ದಾಖಲೆಗಳನ್ನು ಮೈಸೂರಿನ ಸಣ್ಣ ಸಂಶೋಧನಾ ತಂಡವೊಂದಕ್ಕೆ ಒಪ್ಪಿಸಿತು. ಕುಟುಂಬದ, ಊರಿನ, ತಂಡದವರ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ. ಪುಟಪುಟದಲ್ಲೂ ಸಾಲ ಪಡೆದವರ ಹೆಸರು, ಅಡವಿಟ್ಟ ಒಡವೆಯ ವಿವರ ಇರುವ ದಾಖಲೆಗಳಾದ್ದರಿಂದ ಗುರುತು ಮರೆಮಾಡಬೇಕೆಂಬುದು ಮನೆಯವರು ಮೊದಲೇ ಹಾಕಿದ ಷರತ್ತು. ಲಿಪಿ ಮತ್ತು ಸಂಕೇತೀಕರಣದ ವಿಷಯದಲ್ಲಿ ತಂಡಕ್ಕೆ ಸಲಹೆ ಕೊಡುವ ಕೆಲಸ ನನ್ನದಾಗಿತ್ತು.

ದಾಖಲೆಗಳು ಎರಡು ಬಗೆಯವು. ಹಳೆಯವು ಕಡತಗಳು: ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದವು. ಆಮೇಲಿನವು ಕಾಗದದ ದಿನವಹಿಗಳು ಮತ್ತು ಖಾತೆ ಪುಸ್ತಕಗಳು. ಅವು ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದ 1957ರವರೆಗೂ ಮುಂದುವರಿಯುತ್ತವೆ. ಇರ್ವಿನ್ ನಾಲೆಯ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಮೊದಲು ಮತ್ತು ಬಂದ ಮೇಲೆ ಒಂದೇ ಮಂಡಿಯಲ್ಲಿ ರಾಗಿ ಎಷ್ಟು, ಭತ್ತ ಎಷ್ಟು, ಯಾವ ಧಾರಣೆಗೆ ಕೈಬದಲಾಯಿತು ಎಂಬುದನ್ನು ಒಬ್ಬರೇ ಬರೆದಂಥ ಲೆಕ್ಕದಿಂದ ತಿಳಿಯುವ ಅವಕಾಶ ಅಪರೂಪದ್ದು. ಆರ್ಥಿಕ ಚರಿತ್ರೆಯ ಸಂಶೋಧಕಿಯೊಬ್ಬರು ಕೇಳಿದ್ದೂ ಅದನ್ನೇ. ಹಾಗಾಗಿ ಪುಟಗಳ ಛಾಯಾಚಿತ್ರ ತೆಗೆದಿಟ್ಟರೆ ಸಾಲುತ್ತಿರಲಿಲ್ಲ. ಹುಡುಕಲು, ಕೂಡಲು, ಹೋಲಿಸಲು ಬರುವ ಪಠ್ಯ ಬೇಕಾಗಿತ್ತು.

ಸಮಸ್ಯೆ

ಪೂರ್ಣಾಂಕಗಳಿಂದ ತೊಂದರೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ೦ಯಿಂದ ೯ರವರೆಗಿನ ಕನ್ನಡ ಅಂಕಿಗಳು ಲೋಕದ ಲಿಪಿಗಳ ಅಕ್ಷರಗಳಿಗೆ ಗಣಕದಲ್ಲಿ ಒಂದೊಂದು ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಮಾನಕದ ಕನ್ನಡ ವಿಭಾಗದಲ್ಲಿ ಆರಂಭದಿಂದಲೂ ಇವೆ, ಅವಕ್ಕೆ ದಶಮಾನ ಅಂಕಿಯ ಗುಣವೂ ಇದೆ. ಪೈಥಾನ್ ಭಾಷೆಗೆ ‘೧೨೩’ ಎಂದು ಕೊಟ್ಟರೆ ಅದು ನೇರವಾಗಿ ನೂರಿಪ್ಪತ್ತಮೂರು ಎಂದೇ ಓದಿಕೊಳ್ಳುತ್ತದೆ. ತೊಡಕು ಇದ್ದದ್ದು ಅಂಕಿಗಳ ಬಲಕ್ಕೆ ಬರುವ ಗೆರೆಗಳಲ್ಲಿ.

ಮೈಸೂರು ಸೀಮೆಯ ಹಳೆಯ ಲೆಕ್ಕ ನಾಲ್ಕು ಮತ್ತು ಹದಿನಾರರ ಮೇಲೆ ನಿಂತದ್ದು. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಚಟಾಕು, ಗುಂಟೆಗೆ ಹದಿನಾರು ಆಣೆ. ಈ ದಾಖಲೆಗಳಲ್ಲಿ ಅಂಕಿಯ ಪಕ್ಕದಲ್ಲಿ ನಿಂತ ಗೆರೆ ಒಂದಿದ್ದರೆ ಕಾಲು, ಎರಡಿದ್ದರೆ ಅರೆ, ಮೂರಿದ್ದರೆ ಮುಕ್ಕಾಲು. ಅದರ ಮುಂದೆ ಮಲಗಿದ ಅಥವಾ ಓರೆಯಾದ ಗೆರೆ ಒಂದಿದ್ದರೆ ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು. ಎರಡಿದ್ದರೆ ಎರಡು ವೀಸ, ಮೂರಿದ್ದರೆ ಮೂರು ವೀಸ. ನಾಲ್ಕು ವೀಸವಾದರೆ ಮತ್ತೆ ಒಂದು ನಿಂತ ಗೆರೆ. ‘೩’ರ ಮುಂದೆ ನಿಂತ ಗೆರೆ ಎರಡು, ಮಲಗಿದ ಗೆರೆ ಎರಡು ಇದ್ದರೆ ಅದು ಮೂರು ರೂಪಾಯಿ ಹತ್ತು ಆಣೆ. ಓದಲು ಇಷ್ಟು ಸುಲಭವಾದ, ಬರೆಯಲು ಇಷ್ಟು ಚುರುಕಾದ ಪದ್ಧತಿ ಎರಡು ತಲೆಮಾರಿನೊಳಗೆ ಓದುವವರೇ ಇಲ್ಲದಂತಾಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿದವರ ಮನೆಗಳಲ್ಲೇ ಇಂದು ಈ ಗೆರೆಗಳನ್ನು ಗೀಚು ಎಂದುಕೊಳ್ಳುತ್ತಾರೆ.

ಈ ಗೆರೆಗಳಿಗೆ ಕೀಲಿಮಣೆಯಲ್ಲಿ ಕೀಲಿಯಿಲ್ಲ. ಸಾಮಾನ್ಯ ಕನ್ನಡ ಫಾಂಟಿನಲ್ಲಿ ಅಚ್ಚೂ ಇಲ್ಲ. ಬೆರಳಚ್ಚು ಮಾಡುತ್ತಿದ್ದ ಸ್ವಯಂಸೇವಕರು ತಮಗೆ ತೋಚಿದ ದಾರಿ ಹಿಡಿದರು.

ಮೊದಲ ಪ್ರಯತ್ನಗಳು

ಕೆಲವರು ಮೌಲ್ಯವನ್ನೇ ಬರೆದರು: ಕಾಲಿಗೆ 0.25, ವೀಸಕ್ಕೆ 0.0625. ಲೆಕ್ಕಕ್ಕೆ ಇದು ಸರಿ, ಆದರೆ ಮೂಲದಲ್ಲಿ ಏನಿತ್ತು ಎಂಬುದು ಅಳಿಸಿಹೋಗುತ್ತದೆ. ಓದುವಾಗಲೇ ತಪ್ಪಾಗಿದ್ದರೆ ಅದನ್ನು ಪಠ್ಯದಿಂದ ಪತ್ತೆಹಚ್ಚುವ ದಾರಿ ಇರುವುದಿಲ್ಲ. ಮತ್ತೆ ಚಿತ್ರವನ್ನೇ ತೆರೆಯಬೇಕು. ಇನ್ನು ಕೆಲವರು ನಿಂತ ಗೆರೆಗೆ ಪದ್ಯದ ಕೊನೆಯಲ್ಲಿ ಹಾಕುವ ದಂಡವನ್ನೂ ಮಲಗಿದ ಗೆರೆಗೆ ಅಡ್ಡಗೆರೆಯನ್ನೂ ಒತ್ತಿದರು. ಪರದೆಯ ಮೇಲೆ ಅದು ಕಡತದಂತೆಯೇ ಕಾಣುತ್ತಿತ್ತು. ಆದರೆ ದಂಡ ವಿರಾಮಚಿಹ್ನೆ. ಹುಡುಕುವ ತಂತ್ರಾಂಶಗಳು ವಿರಾಮಚಿಹ್ನೆಗಳನ್ನು ಸಾಮಾನ್ಯವಾಗಿ ತೆಗೆದುಹಾಕಿಯೇ ಮುಂದುವರಿಯುತ್ತವೆ. ಮೂರೂ ಮುಕ್ಕಾಲು ಅಲ್ಲಿ ಬರಿಯ ಮೂರಾಗಿ ಉಳಿಯಿತು.

ಮೂರನೆಯ ದಾರಿ ಮೇಲ್ನೋಟಕ್ಕೆ ಎಲ್ಲಕ್ಕಿಂತ ಸಭ್ಯವಾದದ್ದು. ಹಾಗೆಂದೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿತು. ಗಣಕದಲ್ಲಿ ಸಿದ್ಧವಾಗಿ ಸಿಗುವ ¼, ½, ¾ ಚಿಹ್ನೆಗಳನ್ನು ಕನ್ನಡ ಅಂಕಿಯ ಪಕ್ಕದಲ್ಲಿ ಇಟ್ಟು ‘೩½’ ಎಂದು ಬರೆದರು. ಪಠ್ಯವನ್ನು ಹುಡುಕು ವ್ಯವಸ್ಥೆಗೆ ಸೇರಿಸುವ ಮೊದಲು ಯೂನಿಕೋಡಿನ ಎನ್‌ಎಫ್‌ಕೆಸಿ ಎಂಬ ಏಕರೂಪಗೊಳಿಸುವ ವಿಧಾನ ಅದರ ಮೇಲೆ ಹಾಯುತ್ತದೆ. ಆ ವಿಧಾನದಲ್ಲಿ ½ ಎಂಬುದು 1, ಭಾಗಿಸುವ ಗೆರೆ, 2 ಎಂಬ ಮೂರು ಅಕ್ಷರಗಳಾಗಿ ಒಡೆಯುತ್ತದೆ. ಹಿಂದಿನ ೩ ಅದಕ್ಕೆ ಅಂಟಿಕೊಂಡಾಗ ಮೂವತ್ತೊಂದರ ಕೆಳಗೆ ಎರಡು ಎಂದಾಯಿತು. ಮೂರೂವರೆ ರೂಪಾಯಿ ಹದಿನೈದೂವರೆ ರೂಪಾಯಿಯಾಗಿ ಕೋಷ್ಟಕದಲ್ಲಿ ಕುಳಿತಿತು. ಸಂಶೋಧಕಿ ಒಂದು ತಿಂಗಳ ರಾಗಿಯ ಧಾರಣೆ ಹಠಾತ್ತನೆ ಏರಿದ್ದನ್ನು ಕಂಡು ಬರಗಾಲದ ಸುಳಿವಿರಬಹುದೇ ಎಂದು ಕೇಳಿದಾಗಲೇ ಇದು ಬೆಳಕಿಗೆ ಬಂದದ್ದು. ಅವರು ಕೇಳದೆ ಇದ್ದಿದ್ದರೆ ಇಲ್ಲದ ಬರವೊಂದು ಚರಿತ್ರೆಗೆ ಸೇರುತ್ತಿತ್ತು.

ಇದೇ ಹುಡುಕಾಟದಲ್ಲಿ ಪೂರ್ಣಾಂಕಗಳಲ್ಲೂ ಒಂದು ದೋಷ ಸಿಕ್ಕಿತು. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಉಂಗುರ. ಕೀಲಿಮಣೆ ಕನ್ನಡ ಅಂಕಿಗಳನ್ನು ಸುಲಭವಾಗಿ ಕೊಡದೆ ಇದ್ದ ಕಡೆ ಕೆಲವರು ಸೊನ್ನೆಯ ಜಾಗದಲ್ಲಿ ಅನುಸ್ವಾರವನ್ನು ಒತ್ತಿದ್ದರು. ಅಚ್ಚಿನಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಗಣಕಕ್ಕೆ ಮಾತ್ರ ಅದು ಸಂಖ್ಯೆಯೇ ಅಲ್ಲ. ಅಂಕಿಯನ್ನು ಹಿಂಬಾಲಿಸುವ ಅನುಸ್ವಾರವನ್ನೆಲ್ಲ ಎತ್ತಿ ತೋರಿಸುವ ಸಣ್ಣ ಪರೀಕ್ಷೆಯಿಂದ ಇದು ಬೇಗ ಬಗೆಹರಿಯಿತು.

ಯಾವ ಸಂಕೇತ?

ಇಲ್ಲಿಗೆ ತಂಡ ಒಡೆಯಿತೆಂದೇ ಹೇಳಬೇಕು. ತಾಂತ್ರಿಕ ಹೊಣೆ ಹೊತ್ತಿದ್ದ ಯುವಕ, ಯೂನಿಕೋಡಿನಲ್ಲಿ ಖಾಸಗಿ ಬಳಕೆಗೆಂದು ಬಿಟ್ಟಿರುವ ಜಾಗದಲ್ಲಿ ನಮ್ಮದೇ ಗುರುತುಗಳನ್ನು ಕೂರಿಸಿ ಫಾಂಟ್ ಮಾಡೋಣ ಎಂದರು, ಮಾಡಿಯೂ ತೋರಿಸಿದರು. ಅವರ ಯಂತ್ರದಲ್ಲಿ ಪುಟಗಳು ಬಹಳ ಚೆನ್ನಾಗಿ ಕಂಡವು. ಸಂಶೋಧಕಿಯ ಯಂತ್ರದಲ್ಲಿ ತೆರೆದಾಗ ಗೆರೆಗಳ ಜಾಗದಲ್ಲೆಲ್ಲ ಖಾಲಿ ಚೌಕಗಳು. ಫಾಂಟ್ ಕಳಿಸಿದರೆ ಅಂದಿಗೆ ಸರಿಯಾಗುತ್ತಿತ್ತು, ಆದರೆ ಆ ಜಾಗದಲ್ಲಿ ಏನಿದೆ ಎಂಬುದಕ್ಕೆ ಲೋಕದಲ್ಲಿ ಆ ಫಾಂಟ್ ಒಂದೇ ಸಾಕ್ಷಿ. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾಗಿ, ಫಾಂಟ್ ಕಳೆದುಹೋದ ಮೇಲೆ ಓದಲಾಗದೆ ಬಿದ್ದಿರುವ ಕನ್ನಡ ಕಡತಗಳನ್ನು ಕಂಡವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಸಲಹೆ ತೆಲುಗಿನದು. ತೆಲುಗು ವಿಭಾಗದಲ್ಲಿ ಭಿನ್ನರಾಶಿಯ ಅಂಕಿಗಳು 2008ರಲ್ಲೇ ಸೇರಿವೆ. ಅಲ್ಲಿಯೂ ನಿಂತ ಗೆರೆ ಕಾಲಿಗೆ, ಮಲಗಿದ ಗೆರೆ ವೀಸಕ್ಕೆ. ಎರಡು ಲಿಪಿಗಳ ನಂಟು ಎಷ್ಟು ಹತ್ತಿರದ್ದೆಂದು ಹೇಳುವ ಅಗತ್ಯವಿಲ್ಲ. ಆದರೆ ಅಲ್ಲಿ ಆ ಗುರುತುಗಳಿಗೆ ಕೊಟ್ಟಿರುವ ಸಂಖ್ಯಾಮೌಲ್ಯ 1, 2, 3 ಎಂದಿದೆ, ಕಾಲು, ಅರೆ, ಮುಕ್ಕಾಲು ಎಂದಲ್ಲ. ಅದು ನಾಲ್ಕರ ಘಾತಗಳ ಸ್ಥಾನಪದ್ಧತಿಯ, ಅಂದರೆ ನಿಂತ ಸ್ಥಾನದಿಂದಲೇ ಬೆಲೆ ಗೊತ್ತಾಗುವ ಪದ್ಧತಿಯ, ಅಂಕಿಗಳು ಎಂಬ ತಿಳಿವಳಿಕೆಯ ಮೇಲೆ ಆದ ಏರ್ಪಾಡು. ತೆಲುಗಿಗೆ ಅದು ಸರಿಯೇ. ನಮ್ಮ ಮಂಡಿಯ ಲೆಕ್ಕ ಹಾಗಿರಲಿಲ್ಲ.

ಮೂರನೆಯದು 2009ರಲ್ಲಿ ಯೂನಿಕೋಡಿಗೆ ಸೇರಿದ ‘ಕಾಮನ್ ಇಂಡಿಕ್ ನಂಬರ್ ಫಾರ್ಮ್ಸ್’ ಎಂಬ ಸಣ್ಣ ವಿಭಾಗ. ಕಾಲು, ಅರೆ, ಮುಕ್ಕಾಲು, ಹದಿನಾರರ ಒಂದು, ಎಂಟರ ಒಂದು, ಹದಿನಾರರ ಮೂರು ಎಂಬ ಆರು ಗುರುತುಗಳೂ ಜೊತೆಗೆ ರೂಪಾಯಿ, ಪರಿಮಾಣ ಮೊದಲಾದ ನಾಲ್ಕು ಗುರುತುಗಳೂ ಅಲ್ಲಿವೆ. ತಂಡದ ಹಿರಿಯ ಸದಸ್ಯರೊಬ್ಬರು ಇದನ್ನು ಬಲವಾಗಿ ವಿರೋಧಿಸಿದರು. ಗುರುತುಗಳ ಹೆಸರಿನಲ್ಲೇ ‘ನಾರ್ತ್ ಇಂಡಿಕ್’ ಎಂದಿರುವಾಗ ಕನ್ನಡದ ಲೆಕ್ಕವನ್ನು ಅದರಲ್ಲಿ ಬರೆಯುವುದು ನಮ್ಮ ಪರಂಪರೆಯನ್ನು ಬೇರೆಯವರ ಹೆಸರಿಗೆ ಬರೆದುಕೊಟ್ಟಂತೆ ಎಂಬುದು ಅವರ ವಾದ. ಆ ನೋವನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಯೂನಿಕೋಡಿನಲ್ಲಿ ಹೆಸರು ಒಮ್ಮೆ ಇಟ್ಟರೆ ಬದಲಾಗುವುದಿಲ್ಲ. ಒಂದು ಗುರುತನ್ನು ಯಾವ ಯಾವ ಲಿಪಿಗಳು ಬಳಸುತ್ತವೆ ಎಂಬುದನ್ನು ದಾಖಲಿಸಲು ಬೇರೆಯೇ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಈ ಆರೂ ಭಿನ್ನರಾಶಿಗಳ ಎದುರು ಕನ್ನಡವಿದೆ. ಇನ್ನೊಂದು ಉದಾಹರಣೆಯನ್ನೂ ನಾವು ಮುಂದಿಟ್ಟೆವು. 2019ರಲ್ಲಿ ನಂದಿನಾಗರಿಯೂ 2024ರಲ್ಲಿ ತುಳು-ತಿಗಳಾರಿಯೂ ಯೂನಿಕೋಡಿಗೆ ಬಂದಾಗ ಅವಕ್ಕೆ ಪ್ರತ್ಯೇಕ ಅಂಕಿಗಳನ್ನು ಸೇರಿಸಲಿಲ್ಲ. ಅವು ಕನ್ನಡದ ಅಂಕಿಗಳನ್ನೇ ಬಳಸುತ್ತವೆ. ಹಂಚಿಕೊಂಡ ಗುರುತಿನಲ್ಲಿ ಬರೆದ ಮಾತ್ರಕ್ಕೆ ಆ ಲಿಪಿಗಳ ಘನತೆ ಕುಂದಲಿಲ್ಲ. ಹಿರಿಯರು ಪೂರ್ತಿ ಒಪ್ಪಿದರೆಂದು ಹೇಳಲಾರೆ, ಆದರೆ ಮುಂದುವರಿಯಲು ಅಡ್ಡ ಬರಲಿಲ್ಲ.

ತೀರ್ಮಾನಕ್ಕೆ ನಿಜವಾದ ಆಧಾರವಾದದ್ದು ಮೌಲ್ಯ. ಈ ವಿಭಾಗದ ಗುರುತುಗಳಿಗೆ ಯೂನಿಕೋಡಿನಲ್ಲೇ ಕಾಲು, ಅರೆ, ಹದಿನಾರರ ಒಂದು ಎಂಬ ಮೌಲ್ಯ ಅಂಟಿಕೊಂಡಿದೆ. ಏಕರೂಪಗೊಳಿಸುವ ವಿಧಾನದಲ್ಲಿ ಅವು ಒಡೆಯುವುದೂ ಇಲ್ಲ. ಯುವಕ ತಾವು ಬಿಡಿಸಿದ್ದ ಗೆರೆಗಳನ್ನು ಖಾಸಗಿ ಜಾಗದಿಂದ ತೆಗೆದು, ಮುಕ್ತ ಪರವಾನಗಿಯ ಒಂದು ಕನ್ನಡ ಫಾಂಟಿನಲ್ಲಿ ಸರಿಯಾದ ಸಂಕೇತಬಿಂದುಗಳಿಗೆ, ಅಂದರೆ ಯೂನಿಕೋಡ್ ಆ ಗುರುತುಗಳಿಗೆ ಕೊಟ್ಟಿರುವ ಸಂಖ್ಯೆಗಳಿಗೆ, ಕೂರಿಸಿದರು. ಅವರ ದುಡಿಮೆಯಲ್ಲಿ ವ್ಯರ್ಥವಾದದ್ದು ಏನೂ ಇಲ್ಲ.

ಗುಮಾಸ್ತನ ಮೊತ್ತ

ಸಂಕೇತ ಗೊತ್ತಾದ ಮೇಲೆ ಹಳೆಯ ಬೆರಳಚ್ಚನ್ನು ತಿದ್ದಬೇಕಾಯಿತು. ತಿದ್ದಿದ್ದು ಸರಿಯೇ ಎಂದು ಹೇಳುವವರು ಯಾರು? ಎರಡೆರಡು ಸಲ ಓದಿಸುವಷ್ಟು ಜನರಿರಲಿಲ್ಲ. ಆಗ ಸಂಶೋಧಕಿಯೇ ಒಂದು ಮಾತು ಹೇಳಿದರು: ಪ್ರತಿ ಪುಟದ ಅಡಿಯಲ್ಲಿ ಮಂಡಿಯ ಗುಮಾಸ್ತ ಒಟ್ಟು ಹಾಕಿದ್ದಾನೆ, ಅದನ್ನು ಮುಂದಿನ ಪುಟದ ತಲೆಗೆ ತಂದಿದ್ದಾನೆ, ಅವನಿಗಿಂತ ಒಳ್ಳೆಯ ಪರೀಕ್ಷಕ ನಮಗೆ ಸಿಗುವುದಿಲ್ಲ. ಈ ಪ್ರಕರಣದ ಮುಖ್ಯ ತಿರುವು ಇದೇ ಎಂದು ನಾನು ಎಣಿಸುತ್ತೇನೆ.

ಒಂದು ಪುಟದ ಮೂರು ಬಾಬ್ತುಗಳನ್ನು ನೋಡೋಣ. ಮೊದಲನೆಯದು ಮೂರು ರೂಪಾಯಿ, ಅರೆ, ಎರಡು ವೀಸ. ಎರಡನೆಯದು ಐದು ರೂಪಾಯಿ, ಕಾಲು, ಮೂರು ವೀಸ. ಮೂರನೆಯದು ಹನ್ನೆರಡೂ ಮುಕ್ಕಾಲು. ಆಣೆಯಲ್ಲಿ ಹತ್ತು, ಏಳು, ಹನ್ನೆರಡು ಸೇರಿ ಇಪ್ಪತ್ತೊಂಬತ್ತು, ಅಂದರೆ ಒಂದು ರೂಪಾಯಿ ಹದಿಮೂರು ಆಣೆ. ಒಟ್ಟು ಇಪ್ಪತ್ತೊಂದು ರೂಪಾಯಿ, ಮುಕ್ಕಾಲು, ಒಂದು ವೀಸ. ಕೆಳಗೆ ಗುಮಾಸ್ತ ಬರೆದದ್ದೂ ‘೨೧’, ನಿಂತ ಗೆರೆ ಮೂರು, ಮಲಗಿದ ಗೆರೆ ಒಂದು. ಓದುವಾಗ ಒಂದು ಗೆರೆ ತಪ್ಪಿದ್ದರೂ ಈ ಹೊಂದಿಕೆ ಬರುತ್ತಿರಲಿಲ್ಲ. ಹಣವನ್ನು ದಶಮಾಂಶದಲ್ಲಿ ಇಡದೆ ಪೈಗಳ ಪೂರ್ಣಾಂಕದಲ್ಲಿ ಇಡಬೇಕೆಂದೂ ಆಗಲೇ ತೀರ್ಮಾನವಾಯಿತು. ಆಣೆಗೆ ಹನ್ನೆರಡು ಪೈ, ರೂಪಾಯಿಗೆ 192 ಪೈ. ಒಂದು ಪೈಯನ್ನು ದಶಮಾಂಶದಲ್ಲಿ ಬರೆದರೆ ಅದು ಮುಗಿಯುವುದೇ ಇಲ್ಲ, ಉದ್ದದ ಪುಟಗಳಲ್ಲಿ ಮೊತ್ತ ಕೂದಲೆಳೆಯಷ್ಟು ಜಾರಿ ಪರೀಕ್ಷೆ ಕೆಡುತ್ತದೆ.

ರೂಪಾಯಿಯ ಕಲಮುಗಳು ಬಹುಮಟ್ಟಿಗೆ ಹೊಂದಿದವು. ಧಾನ್ಯದ ಕಲಮುಗಳು ಹೊಂದಲಿಲ್ಲ. ಭತ್ತದ ಒಂದು ಪುಟದಲ್ಲಿ ಎರಡು ಖಂಡುಗ ಐದು ಕೊಳಗ ಕಾಲು, ಒಂದು ಖಂಡುಗ ಹದಿನಾರು ಕೊಳಗ ಅರೆ, ಹದಿನೆಂಟು ಕೊಳಗ ಕಾಲು ಎಂಬ ಮೂರು ಬಾಬ್ತುಗಳಿದ್ದವು. ಗುಮಾಸ್ತನ ಮೊತ್ತ ಸರಿಯಾಗಿ ಐದು ಖಂಡುಗ. ಗಣಕ ತೋರಿಸಿದ್ದು ಐದು ಖಂಡುಗ ಹತ್ತೊಂಬತ್ತು ಕೊಳಗ. ಓದಿದ ಅಂಕಿಯಲ್ಲಾಗಲೀ ಗೆರೆಯಲ್ಲಾಗಲೀ ತಪ್ಪಿರಲಿಲ್ಲ. ರೂಪಾಯಿಯ ಕಲಮಿಗೆ ಹೊಲಿದ ಕೋಷ್ಟಕ, ಗೆರೆಯನ್ನು ಕಲಮಿನ ದೊಡ್ಡ ಅಳತೆಯ ಭಾಗವೆಂದು ತಿಳಿದು, ಇಪ್ಪತ್ತು ಕೊಳಗದ ಖಂಡುಗದಲ್ಲಿ ಕಾಲನ್ನು ಐದು ಕೊಳಗ ಮಾಡಿತ್ತು. ಗುಮಾಸ್ತನಿಗೆ ಆ ಕಾಲು ತನ್ನ ಪಕ್ಕದಲ್ಲೇ ಇರುವ ಕೊಳಗದ ಕಾಲು. ಹಾಗೆ ಎಣಿಸಿದರೆ ಐದೂಕಾಲು, ಹದಿನಾರೂವರೆ, ಹದಿನೆಂಟೂಕಾಲು ಸೇರಿ ನಲವತ್ತು ಕೊಳಗ, ಅಂದರೆ ಎರಡು ಖಂಡುಗ. ಮೇಲಿನ ಮೂರರೊಂದಿಗೆ ಐದು.

ಈ ಪುಟ ನಮಗೆ ಕಲಿಸಿದ್ದು ಬಹಳ. ಗೆರೆ ಯಾವ ಅಳತೆಯ ಹೆಸರೂ ಅಲ್ಲ. ಅದು ಶುದ್ಧ ಭಾಗ. ರೂಪಾಯಿಯ ಪಕ್ಕದಲ್ಲಿ ಮಲಗಿದ ಗೆರೆ ಆಣೆ, ಸೇರಿನ ಪಕ್ಕದಲ್ಲಿ ಚಟಾಕು, ಜಮೀನಿನ ಲೆಕ್ಕದಲ್ಲಿ ಗುಂಟೆಯ ಹದಿನಾರರ ಒಂದು. ಪಠ್ಯದಲ್ಲಿ ‘ಆಣೆ’ ಎಂದು ಬಿಡಿಸಿ ಬರೆದಿದ್ದರೆ ಧಾನ್ಯದ ಪುಟಗಳೆಲ್ಲ ಅರ್ಥ ಕಳೆದುಕೊಳ್ಳುತ್ತಿದ್ದವು. ಅಂದಿನಿಂದ ಪ್ರತಿ ಬಾಬ್ತಿಗೂ ಎರಡು ಪದರ ಇಡಲಾಯಿತು. ಮೊದಲನೆಯದರಲ್ಲಿ ಕಡತದಲ್ಲಿ ಇದ್ದಂತೆಯೇ ಅಂಕಿ ಮತ್ತು ಗುರುತು, ಎರಡನೆಯದರಲ್ಲಿ ಅಳತೆಯ ಹೆಸರು ಮತ್ತು ಲೆಕ್ಕಕ್ಕೆ ಸಿದ್ಧವಾದ ಮೌಲ್ಯ. ಎಕ್ಸ್‌ಎಂಎಲ್ ಆಧಾರಿತ ಟಿಇಐ ಎಂಬ, ಪಠ್ಯದೊಳಗೇ ವಿವರಗಳನ್ನು ಗುರುತು ಹಾಕಿಡುವ ಪದ್ಧತಿಯಲ್ಲಿ ಇದಕ್ಕೆ ಬೇಕಾದ ಅನುಕೂಲವಿದೆ. ಮೊತ್ತ ಹೊಂದದ ಪುಟಗಳಲ್ಲಿ ಕೆಲವು ಕಡೆ ತಪ್ಪು ಗುಮಾಸ್ತನದೇ ಆಗಿತ್ತು. ಅಲ್ಲಿ ಮೊದಲ ಪದರವನ್ನು ಮುಟ್ಟದೆ ಟಿಪ್ಪಣಿ ಮಾತ್ರ ಬರೆಯಲಾಯಿತು.

ಗುರುತನ್ನೂ ಮೌಲ್ಯವನ್ನೂ ಬೇರೆಯಾಗಿ ಇಡುವುದು ಮಂಡಿಯ ಲೆಕ್ಕಕ್ಕೆ ಮಾತ್ರ ಬೇಕಾದದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಬ್ರಾಹ್ಮಿಯಲ್ಲಿ ಅದು ಎರಡು, ಐದು, ಆರು ಅಲ್ಲ; ಇನ್ನೂರು, ಐವತ್ತು, ಆರು ಎಂಬ ಮೂರು ಗುರುತುಗಳು. 2010ರಲ್ಲಿ ಬ್ರಾಹ್ಮಿ ಯೂನಿಕೋಡಿಗೆ ಬಂದಾಗ ಹತ್ತು, ಇಪ್ಪತ್ತು, ನೂರು, ಸಾವಿರಗಳಿಗೆ ಬೇರೆ ಬೇರೆ ಗುರುತುಗಳನ್ನೂ, ಸ್ಥಾನಪದ್ಧತಿಯ ಅಂಕಿಗಳನ್ನು ಪ್ರತ್ಯೇಕವಾಗಿಯೂ ಕೊಟ್ಟರು. ನೂರರ ಗುರುತನ್ನು ಬಿಡಿ ಸಂಖ್ಯೆಯೊಂದಿಗೆ ಬೆಸೆಯುವ ಜೋಡಕ 2014ರಲ್ಲಿ ಸೇರಿತು. ಆ ಶಾಸನವನ್ನು ಸ್ಥಾನಪದ್ಧತಿಯ ಅಂಕಿಗಳಲ್ಲಿ ಬರೆದರೆ ಹುಡುಕಲು ಸಲೀಸು, ಆದರೆ ಕೆತ್ತಿದವನು ಸಂಖ್ಯೆಯನ್ನು ಕಂಡ ಬಗೆ ಉಳಿಯುವುದಿಲ್ಲ.

ಹೊಸ ಗುರುತಿನ ಪ್ರಶ್ನೆ

ಹಳೆಯ ಕಡತಗಳಲ್ಲಿ ಮೊಬಲಗಿನ ಮುಂದೆ ಕೊಕ್ಕೆಯಂತಹ ಒಂದು ಗುರುತು ಮತ್ತೆ ಮತ್ತೆ ಬರುತ್ತಿತ್ತು. ಯಾವ ಕೋಷ್ಟಕದಲ್ಲೂ ಅದು ಸಿಗಲಿಲ್ಲ. ಯೂನಿಕೋಡಿಗೆ ಹೊಸ ಗುರುತಿನ ಪ್ರಸ್ತಾವ ಕಳಿಸಬೇಕೆಂಬ ಉತ್ಸಾಹ ಎಲ್ಲರಲ್ಲೂ ಮೂಡಿತು. ಚಿತ್ರಗಳನ್ನು ಕತ್ತರಿಸಿ ಸಾಕ್ಷ್ಯದ ಕಡತವನ್ನೂ ಸಿದ್ಧಮಾಡಿದ್ದರು. ಕಳಿಸುವ ಮೊದಲು ಬೇರೆ ಮನೆತನದ ಲೆಕ್ಕದಲ್ಲೂ ಇದೇ ಗುರುತು ಕಾಣಬೇಕು ಎಂದು ನಾನು ಪಟ್ಟುಹಿಡಿದೆ. ಒಂದೇ ಕೈಬರಹದಲ್ಲಿ ಇರುವುದು ಲಿಪಿಯ ಗುರುತೋ ಬರೆದವನ ರೂಢಿಯೋ ಎಂದು ತಿಳಿಯುವ ದಾರಿ ಅದೊಂದೇ.

ಹಾಗೆ ಹುಡುಕಿಕೊಂಡು ಹೋದಾಗ ಶಾನುಭೋಗರ ಮನೆತನದ ಹಿರಿಯರೊಬ್ಬರು ಸಿಕ್ಕಿದರು. ಬಾಲ್ಯದಲ್ಲಿ ತಂದೆಯವರ ಪಕ್ಕ ಕೂತು ಲೆಕ್ಕ ಬರೆದವರು. ಚಿತ್ರ ನೋಡಿ, ಬೆರಳಿನಿಂದ ಗಾಳಿಯಲ್ಲಿ ಎರಡು ಸಲ ಬರೆದು, “ಇದು ಗುರುತಲ್ಲ ಸ್ವಾಮಿ, ಹಕಾರ. ಹಣ ಅಂತ ಪೂರ್ತಿ ಬರೀತಾ ಕೂತ್ರೆ ಬೆಳಗಾಗುತ್ತೆ, ಅದಕ್ಕೆ ಹ ಹಾಕಿ ಬಾಲ ಎಳೀತಿದ್ರು” ಎಂದರು. ಅವರ ಮನೆಯ ಹಾಳೆಗಳಲ್ಲೂ ಅದೇ ಇತ್ತು, ಬಾಲ ಮಾತ್ರ ಬೇರೆ ಕಡೆಗೆ. ಹತ್ತು ಹಣಕ್ಕೆ ಒಂದು ವರಹ ಎಂಬ ಲೆಕ್ಕ ಹಿಡಿದು ಆ ಪುಟಗಳನ್ನು ಕೂಡಿಸಿದಾಗ ಮೊತ್ತಗಳು ಹೊಂದಿದವು. ಹಿರಿಯರ ಮಾತಿಗೆ ಗುಮಾಸ್ತನ ಸಾಕ್ಷಿಯೂ ಸಿಕ್ಕಿತು.

ಪ್ರಸ್ತಾವ ಕಳಿಸಲಿಲ್ಲ. ಒಂದು ಅಕ್ಷರದ ಅವಸರದ ಬರಹಕ್ಕೆ ಹೊಸ ಸಂಕೇತಬಿಂದು ಕೇಳುವುದು, ಒಮ್ಮೆ ಸೇರಿದರೆ ಎಂದಿಗೂ ತೆಗೆಯಲಾಗದ ತಪ್ಪನ್ನು ಕೇಳಿ ಪಡೆದಂತೆ. ಈಗ ಮೊದಲ ಪದರದಲ್ಲಿ ಅದು ‘ಹ’ ಎಂದೇ ಇದೆ, ಸಂಕ್ಷೇಪವೆಂಬ ಟಿಪ್ಪಣಿಯೊಂದಿಗೆ, ಮೂಲದ ಚಿತ್ರಕ್ಕೆ ಕೊಂಡಿಯೊಂದಿಗೆ. ತಂಡದ ಹಿರಿಯ ಸದಸ್ಯರಿಗೂ ಇದರಿಂದ ಸಮಾಧಾನವಾಯಿತು.

ಈಗಿನ ಸ್ಥಿತಿ

ಕಾಗದದ ಪುಸ್ತಕಗಳ ರೂಪಾಯಿ ಮತ್ತು ಧಾನ್ಯದ ಕಲಮುಗಳು ಮುಗಿದಿವೆ. ಸಂಶೋಧಕಿ ಅವುಗಳ ಮೇಲೆ ಕೆಲಸ ಆರಂಭಿಸಿದ್ದಾರೆ. ಕಡತಗಳಲ್ಲಿ ಬಳಪ ಉಜ್ಜಿಹೋದ ಕಡೆ ಓರೆಗೆರೆ ಕಾಲೋ ವೀಸವೋ ಎಂದು ಹೇಳಲಾಗದ ಬಾಬ್ತುಗಳಿವೆ. ಅಂಥಲ್ಲಿ ಎರಡೂ ಓದುಗಳನ್ನು ದಾಖಲಿಸಿ, ಪುಟದ ಮೊತ್ತ ಉಳಿದಿದ್ದರೆ ಅದರಿಂದ ತೀರ್ಮಾನಿಸಿ, ಮೊತ್ತವೂ ಅಳಿಸಿದ್ದರೆ ಸಂದಿಗ್ಧವೆಂದೇ ಬಿಡಲಾಗುತ್ತಿದೆ. ಫಾಂಟನ್ನೂ ಅಳತೆಗಳ ಕೋಷ್ಟಕವನ್ನೂ ಮೈಸೂರಿನಲ್ಲಿ ದೇವಸ್ಥಾನದ ಹಳೆಯ ಲೆಕ್ಕಗಳನ್ನು ಓದುತ್ತಿರುವ ಇನ್ನೊಂದು ಗುಂಪಿಗೆ ಕೊಟ್ಟಿದ್ದೇವೆ. ಅವರ ದಾಖಲೆಗಳಲ್ಲಿ ಕೊಳಗದ ಕೆಳಗೆ ಬಳ್ಳವೂ ಬರುವುದರಿಂದ ಕೋಷ್ಟಕಕ್ಕೆ ಒಂದು ಸಾಲು ಹೆಚ್ಚಿಸಬೇಕಾಗಿದೆ, ಮತ್ತು ಆ ಸಾಲಿನ ಪ್ರಮಾಣವನ್ನು ಅವರ ಪುಟಗಳ ಮೊತ್ತದಿಂದಲೇ ಗೊತ್ತುಮಾಡುವ ಕೆಲಸ ನಡೆಯುತ್ತಿದೆ.